ಇಬ್ಬರು ಅಮ್ಮಂದಿರ ಮನೆಗೆ ಬಂದ ಸಂಶೋಧನೆಯ ಕರೆ

(ಹೆಸರು, ಊರು, ಉದ್ಯೋಗ, ಮಗುವಿನ ವಯಸ್ಸು ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಇಬ್ಬರೂ ಓದಿ ಒಪ್ಪಿದ್ದಾರೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದ ಶಾರದಾ ಮತ್ತು ರೇಖಾ ಒಂದೇ ಸೋಫಾದ ಎರಡು ತುದಿಗಳಲ್ಲಿ ಕುಳಿತರು. ನಡುವೆ ನಾಲ್ಕಾಗಿ ಮಡಚಿದ ಒಂದು ಹಾಳೆ. ಆ ಹಾಳೆಯ ದೆಸೆಯಿಂದ ಮನೆಯಲ್ಲಿ ನಾಲ್ಕು ದಿನದಿಂದ ಮಾತಿಲ್ಲ.

ಶಾರದಾ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿದೆ. ಮಗ ಇವರ ಸುಪರ್ದಿಯಲ್ಲಿದ್ದಾನೆ, ತಿಂಗಳಿಗೆ ಎರಡು ಭಾನುವಾರ ತಂದೆ ಬಂದು ಕರೆದುಕೊಂಡು ಹೋಗುತ್ತಾರೆ. ರೇಖಾ ಅವರದು ಹೊಲಿಗೆ ಅಂಗಡಿ. ಏಳು ವರ್ಷದಿಂದ ಇಬ್ಬರೂ ಸಂಗಾತಿಗಳಾಗಿ ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಹನ್ನೊಂದು ವರ್ಷದ ಹುಡುಗ ಮನೆಯೊಳಗೆ 'ರೇಖಮ್ಮ' ಅನ್ನುತ್ತಾನೆ, ಗೇಟು ದಾಟಿದರೆ 'ಚಿಕ್ಕಿ'. ಯಾರೂ ಹೇಳಿಕೊಟ್ಟದ್ದಲ್ಲವಂತೆ, ತಾನೇ ಕಲಿತದ್ದು.

ಹಾಳೆ ಒಬ್ಬ ಸಂಶೋಧಕಿಯ ಆಹ್ವಾನ ಪತ್ರ. ಎಲ್‌ಜಿಬಿಟಿಕ್ಯೂ (ಸಲಿಂಗಿ, ಲಿಂಗತ್ವ ಅಲ್ಪಸಂಖ್ಯಾತ ಮುಂತಾದ) ಪೋಷಕರ ಕುಟುಂಬಗಳ ಕುರಿತ ಅಧ್ಯಯನಕ್ಕೆ ಪೋಷಕರ ಜೊತೆ ಒಂದೂವರೆ ಗಂಟೆ, ಮಗುವಿನ ಜೊತೆ ಅರ್ಧ ಗಂಟೆ ಮಾತು. ಗೆಳತಿಯೊಬ್ಬಳು ಕಳಿಸಿದ್ದಳು. ರೇಖಾ ಅವತ್ತೇ ಒಪ್ಪಿಗೆ ಪತ್ರ ತುಂಬಿದ್ದರು. ಶಾರದಾ ಅದನ್ನು ಕಿತ್ತುಕೊಂಡಿದ್ದರು.

"ಮೇಡಂ, ಏಳು ವರ್ಷದಿಂದ ಅವನ ಡಬ್ಬಿ ಕಟ್ಟೋಳು ನಾನು. ಜ್ವರ ಬಂದ್ರೆ ರಾತ್ರಿ ಕೂರೋಳು ನಾನು. ಸ್ಕೂಲಿನ ಡೈರಿಲಿ ನನ್ನ ಹೆಸರಿಲ್ಲ. 'ಪ್ರಿಯ ಪೋಷಕರೇ' ಅಂತ ನನ್ನನ್ನೂ ಸೇರಿಸಿ ಕರೆದ ಕಾಗದ ಇದೊಂದೇ," ಎಂದರು ರೇಖಾ.

ಶಾರದಾ ಅವರದು ಒಂದೇ ಮಾತು: "ಅವನ ಅಪ್ಪನಿಗೆ ಗೊತ್ತಾದ್ರೆ?"

ನನ್ನ ಮನಸ್ಸು ಮೊದಲು ರೇಖಾ ಕಡೆಗೇ ವಾಲಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಇಂಥ ಮನೆಗಳ ಬಗ್ಗೆ ನಮ್ಮ ನೆಲದಿಂದ ಬಂದ ಮಾತು ತೀರಾ ಕಡಿಮೆ ಎಂಬ ಸಂಕಟ ನನಗೆ ಬಹಳ ದಿನಗಳಿಂದ ಇದೆ. ಬ್ರಿಟನ್ನಿನಲ್ಲಿ ಸಲಿಂಗಿ ತಾಯಂದಿರು ಕೋರ್ಟುಗಳಲ್ಲಿ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಮನಶ್ಶಾಸ್ತ್ರಜ್ಞೆ ಸೂಸನ್ ಗೊಲೊಂಬೊಕ್ ಮತ್ತು ಸಂಗಡಿಗರು ಅಂಥ 27 ಕುಟುಂಬಗಳನ್ನು ಸಲಿಂಗಿಗಳಲ್ಲದ ಒಂಟಿ ತಾಯಂದಿರ 27 ಕುಟುಂಬಗಳ ಜೊತೆ ಹೋಲಿಸಿ 1983ರಲ್ಲಿ ಪ್ರಕಟಿಸಿದರು. ಮಕ್ಕಳ ಬೆಳವಣಿಗೆಗೆ ತಾಯಿಯ ಲೈಂಗಿಕತೆಯಿಂದ ಧಕ್ಕೆ ಆಗಿರಲಿಲ್ಲ. ಅಮೆರಿಕದಲ್ಲಿ ಮನೋವೈದ್ಯೆ ನ್ಯಾನೆಟ್ ಗಾರ್ಟ್ರೆಲ್ 1986ರಲ್ಲಿ ಶುರುಮಾಡಿದ ಅಧ್ಯಯನ ಸಲಿಂಗಿ ತಾಯಂದಿರ 84 ಕುಟುಂಬಗಳ ಮಕ್ಕಳು ದೊಡ್ಡವರಾಗುವವರೆಗೂ ಜೊತೆಗೇ ನಡೆಯಿತು. ಆ ತಾಯಂದಿರು ಬಾಗಿಲು ತೆರೆಯದಿದ್ದರೆ ಇವತ್ತು ನಮ್ಮ ಕೈಯಲ್ಲಿ ಏನಿರುತ್ತಿತ್ತು? ಇದನ್ನೆಲ್ಲ ಹೇಳುತ್ತಾ ಹೋದಂತೆ ಶಾರದಾ ಇನ್ನಷ್ಟು ಮುದುಡಿದರು. ನಾನು ಒಬ್ಬರ ಪರ ವಾದ ಮಾಡುತ್ತಿದ್ದೆ. ಅರಿವಾದ ತಕ್ಷಣ ನಿಲ್ಲಿಸಿ ಕ್ಷಮೆ ಕೇಳಿದೆ.

ಶಾರದಾ ಅವರ ಭಯಕ್ಕೆ ಬಲವಾದ ಆಧಾರವಿದೆ. ವಿಚ್ಛೇದನ ಮುಗಿದರೂ ಮಗುವಿನ ಸುಪರ್ದಿಯ ಆದೇಶಕ್ಕೆ ಕೊನೆಯ ಮುದ್ರೆ ಬೀಳುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅದನ್ನು ಬದಲಿಸಿ ಎಂದು ತಂದೆ ಮತ್ತೆ ಕೇಳಬಹುದು. ರೇಖಾ ಅವರಿಗಂತೂ ಕಾನೂನಿನಲ್ಲಿ ನಿಲ್ಲಲು ನೆಲವೇ ಇಲ್ಲ. ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ಅವರ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಮದುವೆಯಾಗದ ಜೋಡಿ ಒಟ್ಟಾಗಿ ದತ್ತು ಪಡೆಯುವಂತಿಲ್ಲ ಎಂಬ ನಿಯಮವನ್ನೂ ಮೂವರು ನ್ಯಾಯಮೂರ್ತಿಗಳ ಬಹುಮತ ಉಳಿಸಿತು.

ಎರಡನೇ ಭೇಟಿಯಲ್ಲಿ ಆಹ್ವಾನ ಪತ್ರವನ್ನು ಮೂವರೂ ಕೂಡಿ ಸಾಲು ಸಾಲಾಗಿ ಓದಿದೆವು. ನೈತಿಕ ಸಮಿತಿಯ ಅನುಮೋದನೆ ಇತ್ತು, ದೂರು ಕೊಡುವುದಾದರೆ ಯಾರಿಗೆ ಎಂಬುದೂ ಇತ್ತು. ಅದು ಸಮಾಧಾನದ ವಿಷಯ. 'ನಿಮ್ಮ ಹೆಸರನ್ನು ಎಲ್ಲೂ ಬಳಸುವುದಿಲ್ಲ' ಎಂಬ ಸಾಲಿನ ಹತ್ತಿರ ಮಾತ್ರ ಬಹಳ ಹೊತ್ತು ನಿಂತೆವು. ಹೆಸರು ತೆಗೆದ ಮಾತ್ರಕ್ಕೆ ಗುರುತು ಹೋಗುವುದಿಲ್ಲ. ತಾಯಿಯ ಕೆಲಸ, ಇನ್ನೊಬ್ಬಳ ಅಂಗಡಿ, ಹುಡುಗನ ತರಗತಿ, ತವರಿನ ಜಿಲ್ಲೆ: ಈ ನಾಲ್ಕು ತುಣುಕು ಒಂದೇ ಪುಟದಲ್ಲಿ ಕೂಡಿದರೆ ಹೊರಗಿನವರಿಗೆ ಏನೂ ತಿಳಿಯದು, ಮಾಜಿ ಗಂಡನ ಮನೆಯವರಿಗೆ ಎಲ್ಲವೂ ತಿಳಿದೀತು. ಸಂಖ್ಯೆ ಲೆಕ್ಕದ ಅಧ್ಯಯನದಲ್ಲಿ ಈ ಅಪಾಯ ಕಡಿಮೆ. ಮನೆಯ ಕಥೆಯನ್ನೇ ಕೇಳುವ ಅಧ್ಯಯನದಲ್ಲಿ ಹೆಚ್ಚು.

ಹಾಗಾಗಿ ಸಂಶೋಧಕಿಯನ್ನು ಏನೇನು ಕೇಳಬೇಕು ಎಂದು ಬರೆದುಕೊಟ್ಟೆ. ಧ್ವನಿಮುದ್ರಣ ಯಾರ ಹತ್ತಿರ ಇರುತ್ತದೆ, ಯಾವಾಗ ಅಳಿಸುತ್ತೀರಿ? ಬರಹಕ್ಕಿಳಿಸಿದ ಮಾತನ್ನು ನಾವು ಓದಿ, ಬೇಡವಾದದ್ದನ್ನು ಹೊಡೆದುಹಾಕಬಹುದೇ? ಯಾವ ದಿನದವರೆಗೆ ಹಿಂದೆ ಸರಿಯಬಹುದು? ಕೋರ್ಟು ಕೇಳಿದರೆ ಏನು ಮಾಡುತ್ತೀರಿ? ಕೊನೆಯದು ಬಹಳ ಮುಖ್ಯ. ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ಸಂಸ್ಥೆಯ ಹಣ ಪಡೆದ ಸಂಶೋಧಕರಿಗೆ, ಭಾಗವಹಿಸಿದವರ ಗುರುತನ್ನು ಕೋರ್ಟಿಗೂ ಕೊಡದಂತೆ ಕಾಯುವ ಪ್ರಮಾಣಪತ್ರವಿದೆ. ಇಲ್ಲಿ ಅದನ್ನು ನೆಚ್ಚಿಕೊಂಡು ಸಹಿ ಹಾಕುವಂತಿಲ್ಲ. ಮೊದಲು ವಿಚ್ಛೇದನ ಮಾಡಿಸಿಕೊಟ್ಟ ವಕೀಲರ ಹತ್ತಿರ ಹೋಗಿ ಬನ್ನಿ ಎಂದೆ.

ಇನ್ನೊಂದು ಮಾತು ರೇಖಾ ಅವರಿಗೆ ನೋವು ಕೊಟ್ಟಿತು. ಶಾರದಾ ಒಪ್ಪದಿದ್ದರೆ ನಾನೊಬ್ಬಳೇ ಮಾತಾಡುತ್ತೇನೆ ಎಂದಿದ್ದರು. ನೀವು ನಿಮ್ಮ ಬದುಕಿನ ಕಥೆ ಹೇಳಿದರೆ ಅದರಲ್ಲಿ ಶಾರದಾ ಬರುತ್ತಾರೆ, ಮಗುವೂ ಬರುತ್ತದೆ. ಒಬ್ಬರ ಸಹಿ ಮೂವರಿಗೆ ಸಾಲದು ಎಂದೆ. ಅವರು ಬಹಳ ಹೊತ್ತು ಅತ್ತರು. ಶಾರದಾ ಸೋಫಾದ ಆ ತುದಿಯಿಂದ ಎದ್ದು ಬಂದು ಪಕ್ಕ ಕುಳಿತದ್ದು ಆಗ.

ಅಲ್ಲಿಯವರೆಗೆ ಹುಡುಗನನ್ನು ಯಾರೂ ಕೇಳಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಏಳರಿಂದ ಹನ್ನೆರಡರ ಮಕ್ಕಳ ಬಾಯ್ಮಾತಿನ ಸಮ್ಮತಿಯನ್ನೂ, ಅದಕ್ಕಿಂತ ದೊಡ್ಡವರಾದರೆ ಬರಹದ ಸಮ್ಮತಿಯನ್ನೂ ಕೇಳುತ್ತದೆ. ಅದೇ ಮಾರ್ಗಸೂಚಿ ಲೈಂಗಿಕ ಅಲ್ಪಸಂಖ್ಯಾತರನ್ನು ಹೆಚ್ಚಿನ ರಕ್ಷಣೆ ಬೇಕಾದವರ ಸಾಲಿಗೆ ಸೇರಿಸಿದೆ. ನಿಯಮ ಹಾಗಿರಲಿ, ಗೇಟಿನ ಒಳಗೊಂದು ಹೆಸರು ಹೊರಗೊಂದು ಹೆಸರು ಇಟ್ಟುಕೊಂಡು ಆ ಮನೆಯನ್ನು ದಿನವೂ ಕಾಯುತ್ತಿರುವವನು ಅವನು. 'ನಮಗೆ ಇದು ಬೇಕು' ಎಂದು ಶುರುಮಾಡಬೇಡಿ, ಇಬ್ಬರೂ ಒಟ್ಟಿಗೆ ಕೂತು ಕೇಳಿ, ಬೇಡ ಎಂದರೆ ಕಾರಣ ಕೆದಕಬೇಡಿ ಎಂದು ಹೇಳಿ ಕಳಿಸಿದೆ.

ಹುಡುಗ ದೋಸೆ ತಿನ್ನುತ್ತಾ ಕೇಳಿಸಿಕೊಂಡು, "ಅವ್ರು ಬರ್ದಿದ್ದನ್ನ ನಮ್ಮ ಮಿಸ್ ಓದ್ತಾರಾ?" ಎಂದನಂತೆ. ಓದಿದರೂ ಓದಬಹುದು ಎಂದು ರೇಖಾ ನಿಜವನ್ನೇ ಹೇಳಿದರು. "ಹಂಗಾದ್ರೆ ನಾನು ಹೈಸ್ಕೂಲಿಗೆ ಹೋದ್ಮೇಲೆ," ಎಂದು ಹೇಳಿ ಕೈ ತೊಳೆಯಲು ಎದ್ದುಹೋದ.

ವಕೀಲರೂ ಈ ವರ್ಷ ಬೇಡ ಎಂದರು. ಮೂರನೇ ಭೇಟಿಯಲ್ಲಿ ಸಂಶೋಧಕಿಗೆ ಉತ್ತರ ಬರೆದೆವು. ಸುಮ್ಮನೆ 'ಆಗುವುದಿಲ್ಲ' ಎಂದು ಕಳಿಸಬೇಡಿ, ಯಾಕೆ ಆಗುವುದಿಲ್ಲ ಎಂಬುದನ್ನು ಗುರುತು ಬಿಡದಂತೆ ಬರೆಯಿರಿ ಎಂಬುದು ನನ್ನ ಸಲಹೆಯಾಗಿತ್ತು. ಧೈರ್ಯವಾಗಿ ಬಾಗಿಲು ತೆರೆಯಬಲ್ಲ ಮನೆಗಳು ಮಾತ್ರ ಅಧ್ಯಯನಕ್ಕೆ ಸೇರಿದರೆ, ಸುಪರ್ದಿಯ ಭಯದಲ್ಲಿ ಬದುಕುವ ತಾಯಂದಿರು ಲೆಕ್ಕಕ್ಕೇ ಸಿಗುವುದಿಲ್ಲ. ಅವರ ನಿರಾಕರಣೆಯಾದರೂ ಸಂಶೋಧಕಿಗೆ ತಲುಪಲಿ ಎಂಬುದು ನನ್ನ ಆಸೆ. ನಮೂನೆಯಲ್ಲಿ 'ತಾಯಿ, ತಂದೆ, ಇತರೆ' ಎಂದು ಮೂರೇ ಚೌಕಗಳಿದ್ದವು. ನನ್ನಂಥವಳಿಗೆ 'ಇತರೆ'ಯಲ್ಲಿ ಗುರುತು ಹಾಕುವುದು ಕಷ್ಟ ಎಂಬ ಸಾಲನ್ನು ರೇಖಾ ತಾವೇ ಸೇರಿಸಿದರು.

ಹೆಸರಿರುವ ಕಾಗದ ಬೇಕೆಂಬ ಅವರ ಹಂಬಲ ಉಳಿದೇ ಇತ್ತು. ಎಲ್‌ಜಿಬಿಟಿಕ್ಯೂ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ ಎಂದು ತಿಳಿಸಿದೆ. ಮಗುವಿನ ಮೇಲಿನ ಹಕ್ಕು ಅದರಿಂದ ಬರುವುದಿಲ್ಲ ಎಂದೂ ಹೇಳಿದೆ. ಶಾಲೆಯಲ್ಲಿ ತುರ್ತು ಸಂಪರ್ಕಕ್ಕೆ ರೇಖಾ ಅವರ ನಂಬರು ಕೊಡಲು ಶಾರದಾ ಒಪ್ಪಿದ್ದಾರೆ. ಸಂಬಂಧದ ಜಾಗದಲ್ಲಿ ಸದ್ಯಕ್ಕೆ 'ಚಿಕ್ಕಮ್ಮ' ಎಂದಿದೆ. ಮುಂದಿನ ಬುಧವಾರ ಇಬ್ಬರೂ ಬ್ಯಾಂಕಿಗೆ ಹೋಗಿ, ಅಲ್ಲಿಂದ ನನ್ನ ಹತ್ತಿರ ಬರುವವರಿದ್ದಾರೆ.