ದರ್ಶನ ಕಾಣದವರಿಗೆ ಬಲ ಎಲ್ಲಿಂದ?

ಪ್ರಶ್ನೆ: ಅಕ್ಕಾ, ನಮ್ಮದು ಗುಳೇದಗುಡ್ಡ. ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದಲೂ ನಮ್ಮ ಮನೆತನ ಕ್ರೈಸ್ತ ಸಭೆಯಲ್ಲಿದೆ. ನನ್ನ ಕೆಲಸ ಖಣ ನೇಯುವುದು. ಯಜಮಾನರಿಗೆ ಲಕ್ವ ಹೊಡೆದು ಎರಡು ವರ್ಷವಾಯ್ತು, ಮಲಗಿದಲ್ಲೇ ಎಲ್ಲಾ. ಪ್ರಾರ್ಥನೆ ಕೂಟದಲ್ಲಿ ಒಬ್ಬರು ಬೆಳಕು ಕಂಡೆ ಅಂತಾರೆ, ಇನ್ನೊಬ್ಬರು ಯೇಸುಸ್ವಾಮಿಯನ್ನೇ ಕಂಡೆ ಅಂತಾರೆ. 'ದೇವರ ಮಹಿಮೆ ನೋಡಿ ಬಲ ಹೊಂದಿರಿ' ಅಂತ ಪ್ರಸಂಗದಲ್ಲೂ ಕೇಳುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಏನೂ ಕಂಡಿಲ್ಲ. ಕಾಣದವಳು ಬಲ ಹೊಂದುವುದು ಹೇಗೆ?
— ಒಬ್ಬ ಓದುಗಳು, ಗುಳೇದಗುಡ್ಡ

ಉತ್ತರ: ತಂಗಿ, ನಿನ್ನ ಕಾಗದ ಓದಿ ಎರಡು ದಿನ ಸುಮ್ನೆ ಕೂತೆ. ಕೊನೆಯ ಸಾಲು ಮನಸ್ಸಿನಿಂದ ಹೋಗಲೇ ಇಲ್ಲ.

ಅವರು ಕಂಡದ್ದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ಆದರೆ ಅದನ್ನು ಹಿಡಿದು ನಿನ್ನ ನಂಬಿಕೆಯನ್ನು ಅಳೆಯಬೇಡ. ಬೆಟ್ಟದ ಮೇಲೆ ಯೇಸುವಿನ ಮಹಿಮೆಯನ್ನು ಆತನ ಶಿಷ್ಯ ಪೇತ್ರ ಕಣ್ಣಾರೆ ಕಂಡವನು, ಆಕಾಶದಿಂದ ಬಂದ ಧ್ವನಿಯನ್ನು ಕಿವಿಯಾರೆ ಕೇಳಿದವನು. ಸಾವು ಹತ್ತಿರ ಬಂತು ಅಂತ ಗೊತ್ತಾದಾಗ ಬರೆದ ಎರಡನೇ ಪತ್ರದಲ್ಲಿ ಅದನ್ನು ನೆನೆಯುತ್ತಾನೆ. ಆದರೂ ನೀವೂ ಹಾಗೇ ಕಾಣಬೇಕು ಅಂತ ಎಲ್ಲೂ ಹೇಳುವುದಿಲ್ಲ. ಪ್ರವಾದನ ವಾಕ್ಯ ಕತ್ತಲೆಯಲ್ಲಿ ಉರಿಯುವ ದೀಪದಂತಿದೆ, ಅದಕ್ಕೆ ಗಮನ ಕೊಡಿ ಅನ್ನುತ್ತಾನೆ. ಕಂಡವನೇ ಕಾಣದವರನ್ನು ವಾಕ್ಯದ ಕಡೆ ಕಳಿಸುತ್ತಾನೆ, ಅಲ್ವಾ? 1851ರಲ್ಲಿ ಮಿಷನ್‌ನವರು ನಿಮ್ಮ ಊರಿಗೆ ಬಂದು ನೆಲೆಸಿದಾಗ ಕೈಯಲ್ಲಿ ಹಿಡಿದು ತಂದದ್ದೂ ಅದೇ ದೀಪ.

ಇನ್ನು ಬೈಬಲ್ಲಿನಲ್ಲಿ ಯಾರಿಗೆ ಯಾವಾಗ ದರ್ಶನವಾಯಿತು ನೋಡು. ಪ್ರವಾದಿ ಯೆಶಾಯನಿಗೆ ಆದದ್ದು ಉಜ್ಜೀಯ ಅರಸ ತೀರಿಕೊಂಡ ವರ್ಷ. 52 ವರ್ಷ ಆಳಿ, ಕೊನೆಗೆ ಕುಷ್ಠ ತಗುಲಿ, ಬೇರೆ ಮನೆಯಲ್ಲಿದ್ದು ಸತ್ತ ಅರಸ. ಇನ್ನೊಬ್ಬ ಪ್ರವಾದಿ ಯೆಹೆಜ್ಕೇಲನೋ ಯಾಜಕ, ಆದರೆ ದೇವಾಲಯ ಎಲ್ಲೋ ದೂರದಲ್ಲಿ ಉಳಿಯಿತು, ಅವನು ಸೆರೆಯಾಳಾಗಿ ಬಾಬಿಲೋನಿನ ಕೆಬಾರ್ ನದಿ ಹತ್ತಿರ ಕೂತಿದ್ದ. ಅವನು ಕಂಡ ಸಿಂಹಾಸನದ ಕೆಳಗೆ ಚಕ್ರಗಳಿದ್ದವು, ಚಕ್ರದೊಳಗೆ ಚಕ್ರ, ಸುತ್ತಲೂ ಕಣ್ಣು. ಚಿಕ್ಕವಳಿದ್ದಾಗ ಇದನ್ನು ಓದಿ ಹೆದರುತ್ತಿದ್ದೆ. ಈಗ ಆ ಅಧ್ಯಾಯದಲ್ಲಿ ನನಗೆ ತುಂಬಾ ಹತ್ತಿರವಾದದ್ದು ಆ ಚಕ್ರಗಳೇ. ಯೆರೂಸಲೇಮಿನಲ್ಲೇ ಇರುತ್ತದೆ ಅಂದುಕೊಂಡಿದ್ದ ಮಹಿಮೆ ಸೆರೆಯಾದವರ ಊರಿಗೂ ಬಂತು. ನಿನ್ನ ಯಜಮಾನರ ಮಂಚದ ತನಕ ಬರಲು ದೇವರಿಗೆ ದಾರಿ ಗೊತ್ತಿದೆ.

ನಾನು ಜಾಸ್ತಿ ಹೇಳಬೇಕೆಂದಿರುವುದು ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೊದಲನೇ ಅಧ್ಯಾಯದ ಬಗ್ಗೆ. ಕೆಲವು ವರ್ಷದ ಹಿಂದೆ ನಮ್ಮ ಅವ್ವನನ್ನು ಬೆಳಗಾವಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಎರಡು ಗಂಟೆ. ಐಸಿಯು ಹೊರಗೆ ಕಬ್ಬಿಣದ ಬೆಂಚು, ಬೆಂಚಿನ ಕೆಳಗೆ ಯಾರದೋ ಬುತ್ತಿ ಗಂಟು. ನಿದ್ದೆ ಬರದೆ ಅವ್ವನ ಬೈಬಲ್ ತೆಗೆದೆ, ಹಾಳೆಗೆಲ್ಲಾ ಅವಳು ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ ವಾಸನೆ. ಪತ್ಮೋಸ್ ದ್ವೀಪದಲ್ಲಿ ಯೋಹಾನ ಕಂಡ ಯೇಸುವಿನ ರೂಪ ಅಲ್ಲಿತ್ತು: ಬೆಂಕಿಯಂಥ ಕಣ್ಣು, ಜಲಪ್ರವಾಹದಂಥ ಧ್ವನಿ, ಬಲಗೈಯಲ್ಲಿ ಏಳು ನಕ್ಷತ್ರ. ಯೋಹಾನ ಸತ್ತವನ ಹಾಗೆ ಬಿದ್ದುಬಿಟ್ಟ. ಎಷ್ಟೋ ಸಲ ಓದಿದ್ದೆ, ಆದರೆ ಆ ರಾತ್ರಿ ಮುಂದಿನ ಮಾತಿನಲ್ಲಿ ಕಣ್ಣು ನಿಂತಿತು. ಆತನು ತನ್ನ ಬಲಗೈಯನ್ನು ಅವನ ಮೇಲಿಟ್ಟು 'ಹೆದರಬೇಡ' ಅಂದನು. ಬಲಗೈ! ಈಗಷ್ಟೇ ನಕ್ಷತ್ರ ಹಿಡಿದಿದ್ದ ಕೈ ಅದು. ಅದೇ ಕೈ ನೆಲಕ್ಕೆ ಬಿದ್ದ ಒಬ್ಬ ಮನುಷ್ಯನನ್ನು ಮುಟ್ಟಿತು.

ಅವ್ವ ಉಳಿಯಲಿಲ್ಲ ತಂಗಿ, ಒಂಬತ್ತನೇ ದಿನ ಹೋದಳು. ನಾನೂ ಯಾವ ಬೆಳಕನ್ನೂ ಕಾಣಲಿಲ್ಲ. ಆದರೆ ಬೆಳಿಗ್ಗೆ ಡಾಕ್ಟರು ಒಳಗೆ ಕರೆದಾಗ ಎದ್ದು ನಡೆಯಲು ಕಾಲಲ್ಲಿ ಬಲ ಇತ್ತು.

ಅಲ್ಲಿಂದ ಮುಂದೆ ಏಳು ಸಭೆಗಳಿಗೆ ಪತ್ರಗಳಿವೆ. ಹೆಚ್ಚಿನವುಗಳ ಶುರುವಿನಲ್ಲಿ ಯೇಸು ಆ ದರ್ಶನದ ಒಂದೊಂದು ತುಣುಕಿನಿಂದಲೇ ತನ್ನ ಗುರುತು ಹೇಳುತ್ತಾನೆ. ಮೊದಲಿನ ಪ್ರೀತಿ ಬಿಟ್ಟಿದ್ದ ಎಫೆಸ ಊರಿನ ಸಭೆಗೆ, ದೀಪಸ್ತಂಭಗಳ ನಡುವೆ ತಿರುಗಾಡುವವನು. ಬಡತನದಲ್ಲಿದ್ದು ಸೆರೆಮನೆಯನ್ನೂ ನೋಡಬೇಕಾಗಿದ್ದ ಸ್ಮುರ್ನದ ಸಭೆಗೆ, ಸತ್ತು ತಿರುಗಿ ಬದುಕಿದವನು. ಯಾರಿಗೆ ಏನು ಬೇಕೋ ಅದು. ಹಾಗಾಗಿ ಇಡೀ ದರ್ಶನವನ್ನು ಒಮ್ಮೆಗೇ ಹೊರಬೇಕಾಗಿಲ್ಲ. ಬೆಳಿಗ್ಗೆ ಮಗ್ಗಕ್ಕೆ ಕೂರುವ ಮುಂಚೆ ಒಂದೇ ಸಾಲು ಓದಿಕೋ, ಲಾಳಿ ಆಡುವಾಗ ಅದನ್ನೇ ಬಾಯಲ್ಲಿ ಆಡಿಸು, ಎಳೆ ಹರಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕುತ್ತೀಯಲ್ಲ, ಆಗ ಇನ್ನೊಮ್ಮೆ ಹೇಳಿಕೋ. ಆ ದಿನಕ್ಕೆ ಅಷ್ಟು ಸಾಕು.

ಯೆಶಾಯನಿಗೆ ದರ್ಶನದ ಜೊತೆ ಕೆಲಸವೂ ಸಿಕ್ಕಿತು, ಯೆಹೆಜ್ಕೇಲನಿಗೆ ಎದ್ದು ನಿಲ್ಲು ಅಂತ ಅಪ್ಪಣೆಯಾಯಿತು. ನಿನ್ನ ಕೆಲಸ ಈಗಾಗಲೇ ನಿನ್ನ ಕೈಯಲ್ಲಿದೆ. ಯಜಮಾನರಿಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತೀಯಲ್ಲ, ಅದು ಶಿಷ್ಯಳ ಕೆಲಸವೇ. ಮತ್ತೆ, ವಾರಕ್ಕೆ ಒಂದು ಮಧ್ಯಾಹ್ನ ಬಂದು ಅವರ ಹತ್ತಿರ ಕೂರಲು ಸಭೆಯ ಅಕ್ಕತಂಗಿಯರನ್ನು ಕೇಳು. ನಾಚಬೇಡ. ದಯವಿಟ್ಟು ಕೇಳು.

ಪ್ರಶ್ನೆ: ಯುವಜನರ ರಿಟ್ರೀಟ್‌ನಲ್ಲಿ ಮೂರು ದಿನ ಬೇರೆಯದೇ ಲೋಕದಲ್ಲಿದ್ದೆ. ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಎಲ್ಲಾ ಆರಿಹೋಯಿತು. ಅಲ್ಲೇ ಇದ್ದುಬಿಡಬೇಕಿತ್ತು ಅನ್ನಿಸುತ್ತದೆ.
— ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಬೆಟ್ಟದ ಮೇಲೆ ಯೇಸುವಿನ ಮಹಿಮೆ ಕಂಡಾಗ ಪೇತ್ರನಿಗೂ ಹಾಗೇ ಅನ್ನಿಸಿತ್ತು, ಇಲ್ಲೇ ಮೂರು ಗುಡಾರ ಕಟ್ಟುತ್ತೇವೆ ಅಂದ. ಲೂಕನ ಸುವಾರ್ತೆಯ 9ನೇ ಅಧ್ಯಾಯವನ್ನು ಮಧ್ಯೆ ನಿಲ್ಲಿಸದೆ ಓದು. ಬೆಟ್ಟ ಹತ್ತುವ ಮುಂಚೆ, ದಿನಾಲೂ ಶಿಲುಬೆ ಹೊತ್ತು ನನ್ನ ಹಿಂದೆ ಬಾ ಅನ್ನುವ ಮಾತು. ಇಳಿದ ಮರುದಿನವೇ ಕೂಗಿಕೊಳ್ಳುವ ಒಬ್ಬ ತಂದೆ, ನೊರೆ ಸುರಿಸುತ್ತಾ ಒದ್ದಾಡುವ ಅವನ ಒಬ್ಬನೇ ಮಗ, ಏನೂ ಮಾಡಲಾಗದೆ ನಿಂತ ಶಿಷ್ಯರು. ಬೆಟ್ಟದ ಮೇಲೆ ಹೊಳೆದ ಯೇಸುಸ್ವಾಮಿಯೇ ಆ ಗದ್ದಲದ ನಡುವೆ ಹುಡುಗನನ್ನು ವಾಸಿಮಾಡಿ ತಂದೆಯ ಕೈಗೆ ಒಪ್ಪಿಸಿದನು. ನಿನ್ನ ಹಾಸ್ಟೆಲ್‌ನಲ್ಲಿ ಇವತ್ತು ಯಾರಿಗೆ ಜ್ವರ ಬಂದಿದೆ, ಯಾರು ಊಟ ಬಿಟ್ಟು ಮಲಗಿದ್ದಾರೆ, ಮೊದಲು ಹೋಗಿ ನೋಡು.