ಪ್ರೋಟೀನ್ ಅಂಟಿಕೊಳ್ಳದಿರಲು ಪ್ಲಾಸ್ಟಿಕ್ ಟ್ಯೂಬ್ ಬಿಟ್ಟು ಗಾಜಿನದು ಬಳಸಬಹುದೇ?

ಟ್ಯೂಬಿಗೆ ಅಂಟುತ್ತಿರುವ ನಿಮ್ಮ ಪ್ರೋಟೀನೂ ಲೈಸೊಜೈಮ್ ಎಂಬ ಕಿಣ್ವವೇ ಅಂತ ಓದಿದ ಕೂಡಲೇ ನನ್ನ ಎಂ.ಎಸ್ಸಿ ಪ್ರಾಜೆಕ್ಟ್ ನೆನಪಾಯಿತು. ದಯವಿಟ್ಟು ಗಾಜಿಗೆ ಹೋಗಬೇಡಿ. ನಾನು ಹೋಗಿ ಎರಡು ತಿಂಗಳು ಕಳೆದುಕೊಂಡೆ.

ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಇರುವಷ್ಟು ತೆಳು ಮಾಡಿ, 1 ಮಿಲಿಲೀಟರ್ ದ್ರಾವಣವನ್ನು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಟ್ಯೂಬಿನಲ್ಲಿ ರಾತ್ರಿ ಇಟ್ಟಿದ್ದೆ. ಬೆಳಿಗ್ಗೆ ಕಿಣ್ವದ ಚಟುವಟಿಕೆ ಅರ್ಧಕ್ಕಿಳಿದಿತ್ತು. ಪಿಪೆಟ್ ಮೇಲೆ ಅನುಮಾನ ಬಂತು, ಬಫರ್ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) ಹೊಸದು ಮಾಡಿದೆ. ಕೊನೆಗೆ ಸೀನಿಯರ್ ಒಬ್ಬರು "ಗೋಡೆಗೆ ಅಂಟಿದೆ ಕಣೋ, ಲೆಕ್ಕ ಹಾಕು" ಎಂದರು. ಪ್ರೋಟೀನ್ ಒಂದು ಪದರ ಕೂತರೆ ಚದರ ಮೀಟರಿಗೆ ಸುಮಾರು 1ರಿಂದ 3 ಮಿಲಿಗ್ರಾಂ. ಟ್ಯೂಬಿನಲ್ಲಿ ಒದ್ದೆಯಾಗುವ ಗೋಡೆ ಹೆಚ್ಚುಕಡಿಮೆ 5 ಚದರ ಸೆಂಟಿಮೀಟರ್. ಅಷ್ಟು ಜಾಗ ಸುಮಾರು 1 ಮೈಕ್ರೋಗ್ರಾಂ ನುಂಗಬಲ್ಲದು. ನನ್ನ ಹತ್ತಿರ ಇದ್ದದ್ದೇ ಅಷ್ಟು!

ಇಲ್ಲೇ ನಾನು ಎಡವಿದ್ದು. ಪ್ಲಾಸ್ಟಿಕ್ ಹೈಡ್ರೋಫೋಬಿಕ್, ಕೆಸುವಿನ ಎಲೆಯ ಹಾಗೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಪ್ರೋಟೀನ್ ಬಂದು ಕೂತರೆ ಅಲ್ಲಿ ಒಲ್ಲದೆ ನಿಂತಿದ್ದ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಎಷ್ಟೋ ಪ್ರೋಟೀನ್‌ಗಳು ಮಡಿಕೆ ಬಿಚ್ಚಿ, ಒಳಗಿನ ಜಿಡ್ಡಿನ ಭಾಗವನ್ನು ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು ಹರಡುತ್ತವೆ. ಆಮೇಲೆ ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ. ಇಷ್ಟು ಓದಿದ್ದೆ, ಇದು ಸರಿಯೇ. ಆದರೆ ಇದನ್ನೇ ತಿರುಗಿಸಿ, ಹೈಡ್ರೋಫಿಲಿಕ್, ಅಂದರೆ ನೀರನ್ನು ಸೇರಿಸಿಕೊಳ್ಳುವ ಮೇಲ್ಮೈ ಆದರೆ ಅಂಟುವುದಿಲ್ಲ ಅಂದುಕೊಂಡು ಗಾಜಿಗೆ ಹೋದೆ. ಹಾಗಂತ ಯಾರೂ ಹೇಳಿರಲಿಲ್ಲ, ನಾನೇ ಸೇರಿಸಿಕೊಂಡಿದ್ದು. ಗಾಜು ನೀರನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ನಿಜ. ಆದರೆ ಪಿಎಚ್ 7ರಲ್ಲಿ ಅದರ ಮೈಮೇಲೆ ಋಣ ವಿದ್ಯುದಂಶವೂ ಇರುತ್ತದೆ. ಲೈಸೊಜೈಮ್‌ನ ಐಸೊಎಲೆಕ್ಟ್ರಿಕ್ ಬಿಂದು (ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) ಸುಮಾರು 11, ಅಂದರೆ ಪಿಎಚ್ 7ರಲ್ಲಿ ಅದು ಧನ. ಮೇಲಿಂದ ನನ್ನ ಬಫರ್ ಬರೀ 10 ಮಿಲಿಮೋಲಾರ್ ಫಾಸ್ಫೇಟ್. ಆ ಸೆಳೆತವನ್ನು ಮರೆಮಾಡಲು ಉಪ್ಪೇ ಇರಲಿಲ್ಲ. ಗಾಜಿನಲ್ಲಿ ಪ್ಲಾಸ್ಟಿಕ್ಕಿಗಿಂತ ಜಾಸ್ತಿ ಕಿಣ್ವ ಗೋಡೆಗೆ ಅಂಟಿ ಹೋಯಿತು. ನಾನು ಕಿಣ್ವವೇ ಕೆಟ್ಟಿದೆ ಅಂತ ಹೊಸ ಬಾಟಲಿ ತರಿಸಿದೆ, ಅದೂ ಹಾಗೇ ಆಯಿತು.

ಹಾಗಾಗಿ "ಹೈಡ್ರೋಫೋಬಿಕ್ಕೋ ಹೈಡ್ರೋಫಿಲಿಕ್ಕೋ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಾಲಿಎಥಿಲೀನ್ ಗ್ಲೈಕಾಲ್ ಲೇಪಿಸಿದ ಮೇಲ್ಮೈ ಕೂಡ ಹೈಡ್ರೋಫಿಲಿಕ್ಕೇ. ಅದಕ್ಕೆ ವಿದ್ಯುದಂಶ ಇಲ್ಲ, ನೀರಿನ ಹಿಡಿತ ಬಿಗಿ, ಪ್ರೋಟೀನ್ ತೀರಾ ಕಡಿಮೆ ಅಂಟುತ್ತದೆ. ಗಾಜು ಹಾಗಲ್ಲ. ನಿಮ್ಮ ಪ್ರೋಟೀನಿನ ವಿದ್ಯುದಂಶ ಏನು, ಬಫರಿನಲ್ಲಿ ಉಪ್ಪೆಷ್ಟು, ಎಷ್ಟು ತೆಳುವಾಗಿದೆ ಅಂತ ಮೊದಲು ನೋಡಿ.

ನಾನಾಗಿದ್ದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಗಟ್ಟಿ ದ್ರಾವಣ (ಸ್ಟಾಕ್) ಇಟ್ಟುಕೊಂಡು, ಬಳಸುವ ಹೊತ್ತಿಗೆ ಮಾತ್ರ ತೆಳು ಮಾಡುತ್ತೇನೆ. ಪ್ಲಾಸ್ಟಿಕ್ ಟ್ಯೂಬೇ ಇರಲಿ, ಬಫರಿಗೆ 150 ಮಿಲಿಮೋಲಾರ್ ಉಪ್ಪು ಮತ್ತು 0.01 ಶೇಕಡಾ ಟ್ವೀನ್-20 (ಒಂದು ಮೃದು ಡಿಟರ್ಜೆಂಟ್) ಹಾಕಿ. ಗೋಡೆಯ ಜಾಗವನ್ನು ಟ್ವೀನ್ ಮೊದಲೇ ಹಿಡಿಯುತ್ತದೆ. ಸುಮ್ನೆ ಗೋಡೆ ತುಂಬಲಿ ಅಂತ ದನದ ರಕ್ತದ ಪ್ರೋಟೀನ್ ಆದ ಬಿಎಸ್‌ಎ ಸುರಿಯಬೇಡಿ. ಆಮೇಲೆ ಬ್ರಾಡ್‌ಫೋರ್ಡ್ ಎಂಬ ಒಟ್ಟು ಪ್ರೋಟೀನ್ ಅಳೆಯುವ ಬಣ್ಣದ ಪರೀಕ್ಷೆ ಮಾಡಿದರೆ ನೀವು ಅಳೆಯುವುದು ಅದನ್ನೇ.

ಅನುಮಾನ ಇದ್ದರೆ ಇವತ್ತೇ ಪರೀಕ್ಷಿಸಿ. ಒಂದೇ ದ್ರಾವಣವನ್ನು ಹತ್ತು ಹತ್ತು ನಿಮಿಷ ಇಟ್ಟು ಮೂರು ಹೊಸ ಟ್ಯೂಬುಗಳಿಗೆ ಸಾಗಿಸಿ. ಜೊತೆಗೆ ಒಂದು ಪಾಲನ್ನು ಒಂದೇ ಟ್ಯೂಬಿನಲ್ಲಿ ಅರ್ಧ ಗಂಟೆ ಬಿಡಿ. ಸಾಗಿಸಿದ್ದರಲ್ಲಿ ಮಾತ್ರ ಚಟುವಟಿಕೆ ಹೆಚ್ಚು ಇಳಿದಿದ್ದರೆ ಅದು ಗೋಡೆಯ ಕೆಲಸ, ನಿಮ್ಮ ಕಿಣ್ವ ಚೆನ್ನಾಗಿಯೇ ಇದೆ.