ರೊಟ್ಟಿಗೆ ಹದಿನೈದು ಸಾವಿರದ ಮಾರ್ಕೆಟಿಂಗ್ ಬೇಕೇ?

ಪ್ರಶ್ನೆ: ಅಕ್ಕಾರೇ, ಶರಣು. ಮನ್ಯಾಗೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರ್ತೀನಿ. ನಾಲ್ಕು ಮಂದಿ ಹೆಣ್ಮಕ್ಕಳು ಕೂಡಿ ದಿನಕ್ಕ 300 ರೊಟ್ಟಿ ಬಡೀತೀವಿ. ಖರ್ಚು ಕಳೆದು ರೊಟ್ಟಿಗೆ ಎರಡು ರೂಪಾಯಿ ಉಳೀತದ. ಒಬ್ಬರು ಬಂದು, ‘ನಿಮಗ ಮಾರ್ಕೆಟಿಂಗೇ ಇಲ್ಲ. ತಿಂಗಳಿಗೆ 15,000 ಕೊಡ್ರಿ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎಲ್ಲಾ ನಾವು ನೋಡ್ಕೋತೀವಿ’ ಅಂದಾರ. ಮಾರ್ಕೆಟಿಂಗ್ ಅಂದ್ರ ಖರೇನೂ ಇದೇ ಏನ್ರೀ?
– ಓದುಗಿ, ಕಲಬುರಗಿ

ಉತ್ತರ: ತಂಗಿ, ಮೊದಲು ಲೆಕ್ಕ ಹಾಕೋಣ. ರೊಟ್ಟಿಗೆ ಎರಡು ರೂಪಾಯಿ ಉಳಿದರೆ, ಆ 15,000 ಹುಟ್ಟಬೇಕಾದರೆ ತಿಂಗಳಿಗೆ 7,500 ರೊಟ್ಟಿ ಹೆಚ್ಚಿಗೆ ಮಾರಬೇಕು. ಅಂದರೆ ದಿನಕ್ಕೆ ಇನ್ನೂ 250. ಗಿರಾಕಿ ಬಂದರೂ ಅಷ್ಟು ಬಡಿಯುವ ಕೈ ಎಲ್ಲಿವೆ? ಸದ್ಯಕ್ಕೆ ಬೇಡ ಅನ್ನಿ.

ಹಾಗಂತ ಮಾರ್ಕೆಟಿಂಗೇ ಬೇಡ ಎನ್ನುತ್ತಿಲ್ಲ. ಜಾಹೀರಾತು ಅದರ ಒಂದು ತುದಿ ಅಷ್ಟೇ. ನಿಮ್ಮ ರೊಟ್ಟಿ ಯಾರು ಒಯ್ಯುತ್ತಾರೆ, ಯಾತಕ್ಕೆ ಒಯ್ಯುತ್ತಾರೆ, ಒಯ್ದ ಮೇಲೆ ಏನು ತೊಂದರೆ ಆಯಿತು ಎಂದು ತಿಳಿದುಕೊಂಡು ಮಾಲು, ರೇಟು, ಪ್ಯಾಕಿಂಗ್ ಸರಿಮಾಡುವುದೂ ಮಾರ್ಕೆಟಿಂಗೇ. ಸಣ್ಣ ವ್ಯಾಪಾರಕ್ಕೆ ಬಹುಪಾಲು ಅದೇ.

ನಾನು ಹಿಂಡಿ ಅಂಗಡಿ ಇಟ್ಟ ಮೊದಲ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ 2,000 ಪಾಂಪ್ಲೆಟ್ ಹಂಚಿಸಿದ್ದೆ. ಬಂದ ಹತ್ತಾರು ಜನರಲ್ಲಿ ಒಬ್ಬ ತಾಯಿ ಪಾಕೀಟು ಹಿಚುಕಿ ನೋಡಿ, ‘ಮಗ ಬೆಂಗಳೂರಾಗ ಓದ್ತಾನ್ರೀ, ಬ್ಯಾಗಿನಾಗ ಎಣ್ಣಿ ಬಿಡ್ತದೇನು?’ ಎಂದರು. ಬಿಡುತ್ತಿತ್ತು. ತೆಳು ಪ್ಲಾಸ್ಟಿಕ್ ಚೀಲಕ್ಕೆ ಪಿನ್ ಹೊಡೆದು ಕೊಡುತ್ತಿದ್ದೆ. ಕುಟ್ಟಿದ ಶೇಂಗಾದ ಎಣ್ಣೆ ಪಿನ್ನಿನ ತೂತಿನಿಂದ ಜಿನುಗಿ ಲೇಬಲ್ಲಿನ ಅಕ್ಷರವೆಲ್ಲ ಅಳಿಸಿಹೋಗಿರುತ್ತಿತ್ತು. ಮರುವಾರವೇ ಬಿಗಿ ಮುಚ್ಚಳದ ಡಬ್ಬಿಗೆ ಬದಲಾಯಿಸಿದೆ. ಆ ತಾಯಿಯೇ ಮುಂದೆ ಅದೇ ಹಾಸ್ಟೆಲಿನ ಹುಡುಗರ ಮನೆಯವರನ್ನೆಲ್ಲ ಕರೆತಂದರು. ಅವರ ಮುಖ ನನಗೆ ಇನ್ನೂ ನೆನಪಿದೆ.

ನೀವು ಒಂದು ನೋಟ್‌ಬುಕ್ ಇಡಿ. ತಿಂಗಳ ತನಕ ಪ್ರತಿ ಗಿರಾಕಿಯ ಹೆಸರು, ನಂಬರು, ಯಾರು ಹೇಳಿ ಕಳಿಸಿದರು, ರೊಟ್ಟಿ ಯಾವ ಊರಿಗೆ ಹೋಗುತ್ತದೆ ಎಂದು ಬರೆದಿಡಿ. ಬೆಂಗಳೂರು, ಪುಣೆ ಎಂದು ಮತ್ತೆ ಮತ್ತೆ ಬಂದರೆ ನಿಮ್ಮ ಗಿರಾಕಿ ಯಾರೆಂದು ಗೊತ್ತಾಯಿತು. ಅವರಿಗೆ ಬೇಕಾಗಿರುವುದು ಮುರಿಯದ ರೊಟ್ಟಿ. ಹತ್ತರ ಕಟ್ಟು ಮಾಡಿ, ಕೆಳಗೂ ಮೇಲೂ ರೊಟ್ಟಿಯ ಅಳತೆಯ ರಟ್ಟು ಇಟ್ಟು ಬಿಗಿಯಾಗಿ ಸುತ್ತಿ. ಆಮೇಲೆ ನೀವೇ ಸೊಂಟದೆತ್ತರದಿಂದ ಬೀಳಿಸಿ, ಬಿಚ್ಚಿ, ಎಷ್ಟು ಉಳಿದವು ಎಂದು ಎಣಿಸಿ. ರಟ್ಟಿನ ಖರ್ಚನ್ನು ರೇಟಿನಲ್ಲಿ ಸೇರಿಸಲು ಸಂಕೋಚ ಬೇಡ. ನಮ್ಮ ಹೆಣ್ಣುಮಕ್ಕಳು ತಮ್ಮ ಕೂಲಿಯನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನನಗೆ ಬಹಳ ಸಂಕಟದ ವಿಷಯ. ನೀವು ಖರ್ಚು ಕಳೆದು ಎನ್ನುವಾಗ ನಿಮ್ಮ ಕೂಲಿಯೂ ಅದರಲ್ಲಿದೆಯೇ, ನೋಡಿಕೊಳ್ಳಿ.

ಲೇಬಲ್ಲಿನಲ್ಲಿ ಊರ ಹೆಸರು ಹಾಕಿ. ನಮ್ಮ ತೊಗರಿಬೇಳೆಗೆ 2019ರಲ್ಲಿ, ಇಂಥ ಊರಿನ ಮಾಲು ಎಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದ್ದು ಈ ನೆಲದ ಹೆಸರಿನ ಮೇಲೆಯೇ. ಜಿಲ್ಲಾಡಳಿತವೂ ಸ್ವಸಹಾಯ ಸಂಘಗಳ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಹೆಸರಲ್ಲಿ ಮಾರುಕಟ್ಟೆಗೆ ತಂದಿದೆ. ನಿಮ್ಮ ನಾಲ್ವರಿಗೆ ಅದರಲ್ಲಿ ಜಾಗ ಇದೆಯೇ ಎಂದು ವಿಚಾರಿಸಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಯ ನಂಬರು, ತೂಕ, ರೇಟು, ಪ್ಯಾಕ್ ಮಾಡಿದ ದಿನ ಲೇಬಲ್ ಮೇಲೆ ಇರಲಿ.

ಮೊಬೈಲಿನ ಕೆಲಸಕ್ಕೂ ದುಡ್ಡು ಬೇಡ. ವಾಟ್ಸ್ಆ್ಯಪ್ ಬಿಸಿನೆಸ್ ಪುಕ್ಕಟೆ. ಕ್ಯಾಟಲಾಗಿನಲ್ಲಿ ಫೋಟೋ, ರೇಟು ಹಾಕಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಜಾಗ ಸೇರಿಸಿ.

ಮುಂದೆ ಎಳ್ಳಮಾವಾಸ್ಯೆ ಬರುತ್ತದೆ. ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮನೆಗಳಿಗೆಲ್ಲ ಸಜ್ಜಿ ರೊಟ್ಟಿ ಬೇಕು. ಎಂಟು ದಿನ ಮೊದಲೇ ನೋಟ್‌ಬುಕ್ಕಿನ ಅಷ್ಟೂ ನಂಬರಿಗೆ ಮೆಸೇಜ್ ಕಳಿಸಿ: ಎಷ್ಟು ರೊಟ್ಟಿ ಬೇಕು, ಯಾವ ಹೊತ್ತಿಗೆ ಒಯ್ಯುತ್ತೀರಿ. ಅರ್ಧ ದುಡ್ಡು ಮುಂಗಡ ತೆಗೆದುಕೊಂಡೇ ಸಜ್ಜಿ ಬೀಸಲು ಕೊಡಿ.